ಉಗ್ರಾಣದ ಸಂಗಣ್ಣನವರ ವೈಫೈ

“ನನ್ನ ಅಪ್ಪಣಿ ಇಲ್ಲದ ಈ ಮನಿ ವೈಫೈಯೊಳಗ ಒಂದು ಇರಿವಿನೂ ಹೊಗೂದಿಲ್ಲ!” ಎಂದು ತೆಲುಗು ನಾಡಿನ ಉಪ್ಪಲ್‌ನಲ್ಲಿ ನೆಲೆಸಿದ್ದ ಸಂಗಣ್ಣನವರು ಘೋಷಿಸಿದ್ದರು. ಹೇಳಬೇಕಾದವರೇ! ನಾಚಾರಂ ಕಾರ್ಖಾನೆಯ ಉಗ್ರಾಣದ ಕೀಲಿಗೊಂಚಲನ್ನು ಮೂವತ್ತು ವರ್ಷ ಸೊಂಟದಿಂದ ಇಳಿಸದವರು.

ಅಂದು ಕಲಬುರಗಿಯಲ್ಲಿ, ಸೊಸೆಯ ತವರಿನಲ್ಲಿ, ಮೊಮ್ಮಗಳ ನಾಮಕರಣ. ಕಾಲಿಗೆ ಪ್ಲಾಸ್ಟರ್ ಬಿದ್ದಿದ್ದ ಸಂಗಣ್ಣನವರು ಹೆಂಡತಿ ಶಿವದೇವಿಯೊಡನೆ ವಿಡಿಯೋ ಕಾಲನ್ನು ಟಿವಿಯಲ್ಲಿ ನೋಡುತ್ತಿದ್ದರು. ಮಗಳು ಅಹಲ್ಯಾ, ಸೋದರತ್ತೆಯಾಗಿ, ಕೂಸಿನ ಕಿವಿಗೆ ಬಾಯಿಟ್ಟಳು. ಅಷ್ಟರಲ್ಲಿ ತೊಟ್ಟಿಲು ಮಾಯ! ಟಿವಿಯ ತುಂಬ ತೆಲುಗು ಸಿನಿಮಾದ ಹೊಡೆದಾಟ!

“ಕೂಸಿನ ಹೆಸರು ಏನಂದ್ರು?”

“ಢಿಶುಂ ಅಂದಂಗ ಕೇಳ್ತು ನೋಡ್ರಿ!” ಎಂದರು ಶಿವದೇವಿ.

ಮತ್ತೆ ಫೋನ್ ಹಚ್ಚಿದರೆ ಅಲ್ಲಿಯ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಸಂಗಣ್ಣನವರು ಇಂಟರ್‌ನೆಟ್ ಕಂಪನಿಗೆ ಗುಡುಗಿದರು: “ತಂತಿ ನಿಮ್ದು, ಪೆಟ್ಟಿಗಿ ನಿಮ್ದು, ಕಾವಲೂ ನಿಮ್ದ! ಈಗಿಂದೀಗ ಬರ್ರಿ!”

ಮಧ್ಯಾಹ್ನ ಬಂದ ಕಂಪನಿಯ ಮಂದಾಕಿನಿ ಬೀದರ ಕಡೆಯವಳು. “ಅಂಕಲ್, ನಿಮ್ಮ ವೈಫೈನ್ಯಾಗ ಇಪ್ಪತ್ಮೂರು ಫೋನ್ ಅದಾವ್ರಿ. ಯಾರೋ ತಮ್ಮ ಸಿನಿಮಾ ನಿಮ್ಮ ಟಿವಿಗಿ ಹಚ್ಯಾರ. ಪಾಸ್‌ವರ್ಡ್ ಯಾರಿಗರೆ ಹೇಳೀರೇನು?”

“ಹೆಂಡತಿಗೂ ಹೇಳಿಲ್ಲ ಯವ್ವಾ!”

ಅವಳು ಮಜ್ಜಿಗೆ ಕುಡಿದು, ಸ್ಟೀಲಿನ ಲೋಟವನ್ನು ತಿರುಗಿಸಿ ಓದಿದಳು. “ಪಾಸ್‌ವರ್ಡ್ ‘ಶಿವದೇವಿ, 12-5-1984’ ಏನ್ರಿ?”

“ಹೌದು ಯವ್ವಾ!” ಎಂದು ಸಂಗಣ್ಣನವರು ಲೋಟ ಕಸಿದುಕೊಂಡರು. ಆ ವರ್ಷ ಬೇಗಂ ಬಜಾರಿನ ಪಾತ್ರೆ ಅಂಗಡಿಯಲ್ಲಿ ಕೆತ್ತುವ ಯಂತ್ರ ಕಿರ್ರೆನ್ನುತ್ತಿತ್ತು. ಹೊಸ ಹಸಿರು ಬಳೆಯ ಶಿವದೇವಿ ನಾಚಿ ಚಮಚದಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು. ಲೋಟದಿಂದ ಡಬ್ಬಿಯವರೆಗೆ ಅವಳ ಹೆಸರು, ಮದುವೆಯ ದಿನ, ಎಲ್ಲವನ್ನೂ ಕೆತ್ತಿಸಿದವರು ಅವರೇ. ನಲವತ್ತು ವರ್ಷಗಳಿಂದ ಆ ಡಬ್ಬಿಗಳು ಹುಗ್ಗಿ ಹೊತ್ತು ಓಣಿಗೆ ಹೋಗುತ್ತಿದ್ದವು, ನೆರೆಯವರ ಹುಳಿಯನ್ನ ‘ಪುಳಿಹೋರ’ ಹೊತ್ತು ಮರಳುತ್ತಿದ್ದವು. ಖಾಲಿ ಡಬ್ಬಿ ಒಮ್ಮೆಯೂ ಬಂದದ್ದಿಲ್ಲ!

“ಯಾರೋ ಒಬ್ರು ಹಾಕಿ ನೋಡ್ಯಾರ, ಹತ್ತೈತಿ,” ಎಂದಳು ಮಂದಾಕಿನಿ. “ಗಟ್ಟಿ ಪಾಸ್‌ವರ್ಡ್ ಇಡ್ರಿ ಅಂತ ಮೊದಲ ದಿನಾನ ಹೇಳಲಿಲ್ಲ, ಅಷ್ಟು ತಪ್ಪು ನಮ್ದು. ಆದ್ರ ನೀವು ಕೀಲೀನ ಹುಗ್ಗಿ ಜೋಡಿ ಹಂಚಿದ್ರ ಕಂಪನಿ ಹ್ಯಾಂಗ ಕಾಯ್ಬೇಕ್ರಿ?”

ಇಪ್ಪತ್ತಮೂರರಲ್ಲಿ ಇಪ್ಪತ್ತೆರಡನ್ನು ಹೊರಹಾಕಿ ಅವಳು ಹೊರಟಳು. ಈಗ ಕಲಬುರಗಿಯವರು ಫೋನ್ ಎತ್ತಿದರು. ಅಪ್ಪನಿಗಾಗಿ ಅಹಲ್ಯಾ ಇನ್ನೊಮ್ಮೆ ಕೂಸಿನ ಕಿವಿಯಲ್ಲಿ ಹೇಳಿದಳು: “ಸಿಂಚನಾ.” ಸಂಗಣ್ಣನವರು ಕಣ್ಣೊರೆಸಿಕೊಂಡು, ಹೆಂಡತಿಗೆ ಬೆನ್ನು ತಿರುಗಿಸಿ, ಹೊಸ ಪಾಸ್‌ವರ್ಡ್ ಒತ್ತಿದರು: ಮೊಮ್ಮಗಳ ಹೆಸರು, ನಾಮಕರಣದ ದಿನ. ಇನ್ನು ಬ್ರಹ್ಮನಿಗೂ ತಿಳಿಯದು!

ಸಂಜೆ ಶಿವದೇವಿ ಬೆವರೊರೆಸುತ್ತ ಒಳಗೆ ಬಂದರು. “ಮೊಮ್ಮಗಳ ಹೆಸರಿಲೆ ಹನ್ನೆರಡು ಹೊಸಾ ಬಟ್ಟಲಾ ತಂದೆ ರೀ. ಹೆಸರು, ಇವತ್ತಿನ ತಾರೀಖು, ಎಲ್ಲಾ ಚಂದಾಗಿ ಕೆತ್ತಿಸೀನಿ.”

“ಎಲ್ಲಿ ಅದಾವ?” ಸಂಗಣ್ಣನವರು ಪ್ಲಾಸ್ಟರಿನ ಕಾಲಲ್ಲೇ ಎದ್ದು ನಿಂತರು.

“ಪಾಯಸಾ ತುಂಬಿ ಓಣಿಗೆಲ್ಲ ಹಂಚಿ ಬಂದೆ!”