ರಾಷ್ಟ್ರೀಯ ನಿಧಿಯೂ ಚೂರು ಸುಣ್ಣವೂ

ಮನೆಯಲ್ಲಿ ಟಿ.ವಿ. ಇರಲಿ, ಬೇಡವೆನ್ನುವುದಿಲ್ಲ. ಆದರೆ ಗಂಡಸರು ಮನೆಯಲ್ಲಿರುವ ಹೊತ್ತಿಗೆ ಅದರಲ್ಲಿ ವಾರ್ತೆ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಧಾರಾವಾಹಿ ನೋಡಿ ನೋಡಿ ನಾನು ಕೆಟ್ಟೆ ಎನ್ನುತ್ತಾರೆ ನಮ್ಮನೆಯವರು. ಏನು ಕೆಟ್ಟೆ ಸ್ವಾಮೀ? ಹೆಚ್ಚೆಂದರೆ ಒಲೆಯ ಮೇಲಿನ ಪಲ್ಯ ತಳ ಹಿಡಿದಿದ್ದೀತು. ಅವರು ವಾರ್ತೆ ನೋಡಿದ್ದಕ್ಕೆ ಇಡೀ ಕೇರಿಯೇ ಹಳ್ಳದ ಈಚೆ ಸಿಕ್ಕಿಬಿತ್ತು.

ತ್ಯಾಗಲಿಯ ಬದಿಗಿರುವ ನಮ್ಮ ಕೇರಿಗೂ ಆಚೆಯ ಡೇರಿ, ಅಂಗಡಿಗಳಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತೇವೆ. ಮಳೆಗಾಲಕ್ಕೆ ಸಂಕ ಬೇಕು. ಮಳೆ ಹಿಡಿಯುವ ಮೊದಲು ಮನೆಗೊಂದು ಆಳು, ಮನೆಗೊಂದು ಮರ ಸೇರಿಸಿ ಹಳ್ಳಕ್ಕೆ ಅಡ್ಡ ಹಾಸಿ, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರಿನ ಗಳ ಕಟ್ಟುವುದು ಹಿಂದಿನಿಂದ ಬಂದ ಪದ್ಧತಿ. ಈ ವರ್ಷ ಅದೇ ಹೊತ್ತಿಗೆ, ದೊಡ್ಡ ದೊಡ್ಡ ರಸ್ತೆ, ಸೇತುವೆ, ಬಂದರುಗಳಿಗೆಲ್ಲ ದುಡ್ಡು ಒದಗಿಸಲು ದೇಶಕ್ಕೇ ಒಂದು ನಿಧಿ ಮಾಡುತ್ತಾರೆಂದು ವಾರ್ತೆ ಬಂತು. ನಮ್ಮನೆಯವರು ಊಟದ ಬಟ್ಟಲು ಬಿಟ್ಟು ಎದ್ದೇಬಿಟ್ಟರು.

"ದೇಶಕ್ಕೇ ಮಾಡ್ತ್ವಡ! ನಮ್ಮ ಕೇರಿಗೆ ಎಂತಕ್ಕೆ ಆಗ್ತಿಲ್ಲೆ?"

ಮರುದಿನವೇ ನಮ್ಮ ಜಗಲಿಯಲ್ಲಿ ಸಭೆ. ನಿಧಿಯ ಹೆಸರಿನಲ್ಲಿ 'ರಾಷ್ಟ್ರೀಯ' ಎಂದು ಇರಲೇಬೇಕೆಂದು ಇವರ ಹಟ. ನಾಳೆ ಕಾಂಕ್ರೀಟು ಸೇತುವೆಯಾದ ಮೇಲೆ ರಾಷ್ಟ್ರದ ಯಾರು ಬೇಕಾದರೂ ಅದರ ಮೇಲೆ ಓಡಾಡಬಹುದಲ್ಲ ಎಂಬುದು ವಾದ. ಇವರು ಅಧ್ಯಕ್ಷರಾದರು, ಪಕ್ಕದ ಮನೆಯ ಗೋಪಣ್ಣ ಖಜಾಂಚಿ. ಬೇಸರ ಮಾಡಿಕೊಳ್ಳಬಾರದೆಂದು ಉಳಿದವರಿಗೂ ಕಾರ್ಯದರ್ಶಿ, ಸಹಕಾರ್ಯದರ್ಶಿ, ಗೌರವ ಸಲಹೆಗಾರ ಎಂದು ಹಂಚಿದರು. ಕೊನೆಗೆ ನೋಡಿದರೆ ವಂತಿಗೆ ಕೊಡಲು ಒಬ್ಬ ಸಾದಾ ಸದಸ್ಯನೂ ಉಳಿದಿರಲಿಲ್ಲ! ಪದಾಧಿಕಾರಿಗಳ ಹತ್ತಿರ ದುಡ್ಡು ಕೇಳುವುದು ಮರ್ಯಾದೆಯೇ? ನಿಧಿಯ ದುಡ್ಡು ಹಾಕಲೆಂದು ನನ್ನ ಬಿಸ್ಕೀಟಿನ ಡಬ್ಬಿ ಮಾತ್ರ ಖಜಾಂಚಿಯ ಮನೆಗೆ ಹೋಯಿತು. ಹೇಗೂ ಪಕ್ಕಾ ಸೇತುವೆ ಬರುವುದರಿಂದ ಈ ವರ್ಷ ಸಂಕ ಹಾಕುವುದು ದಂಡ ಎಂದು ಠರಾವೂ ಆಯಿತು.

ಮಳೆಗೆ ಠರಾವು ಗೊತ್ತಿರಲಿಲ್ಲ. ಹಳ್ಳ ತುಂಬಿತು. ಹಾಲಿನ ಕ್ಯಾನು ಹಿಡಿದು ದಡದವರೆಗೆ ಹೋಗಿ, ಆಚೆ ದಡದ ಡೇರಿಯನ್ನು ಕಣ್ಣಾರೆ ನೋಡಿ, ವಾಪಸು ಬಂದೆ. ಆ ಹಾಲೊಂದೇ ನನ್ನ ಸ್ವಂತ ಸಂಪಾದನೆ. ಸೀರೆಯಿಂದ ಹಿಡಿದು ಮೊಬೈಲಿನ ಕರೆನ್ಸಿವರೆಗೆ ಯಾರ ಮುಂದೂ ಕೈ ಚಾಚದೆ ಬದುಕುತ್ತಿದ್ದೇನೆ ಎಂಬ ನನ್ನ ಜಂಬವೆಲ್ಲ ಆ ಕ್ಯಾನಿನಲ್ಲಿದೆ. ಮೈಯೆಲ್ಲ ಉರಿದುಹೋಯಿತು.

"ಈ ಹಾಲು ಎಂತ ಮಾಡವು?" ಎಂದು ಕೇಳಿದೆ.

"ದೊಡ್ಡ ಕೆಲಸಕ್ಕೆ ಸ್ವಲ್ಪ ತಾಳ್ಮೆ ಬೇಕು ಮಾರಾಯ್ತಿ" ಎಂದರು ಅಧ್ಯಕ್ಷರು.

ಆಗಲಿ ಎಂದುಕೊಂಡೆ. ಮುಂದಿನ ಸಭೆಗೆ ಪದಾಧಿಕಾರಿಗಳೆಲ್ಲ ಬಂದು ಕಂಬಳಿಯ ಮೇಲೆ ಕೂತರು. ಎಲ್ಲರಿಗೂ ಲೋಟ ತುಂಬ ಬಿಸಿ ಹಾಲು ಕೊಟ್ಟೆ. ಚಾಪುಡಿಯಿಲ್ಲ, ಸಕ್ಕರೆಯಿಲ್ಲ, ಬರೀ ಹಾಲು. ಆಮೇಲೆ ಕವಳದ ಬಟ್ಟಲು ಇಟ್ಟೆ. ಎಲೆ ಇತ್ತು, ಅಡಿಕೆ ಇತ್ತು. ಸುಣ್ಣ, ತಂಬಾಕು ಇರಲಿಲ್ಲ. ನಮ್ಮ ಕಡೆಯ ಗಂಡಸರು ಊಟವಿಲ್ಲದೆಯೂ ಸಭೆ ನಡೆಸಿಯಾರು, ಕವಳವಿಲ್ಲದೆ ಬಾಯಿಂದ ಮಾತೇ ಬರುವುದಿಲ್ಲ. ಗೋಪಣ್ಣ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅತ್ತಿಗೆ, ಚೂರು ಸುಣ್ಣನಾದ್ರೂ ಇದ್ದಾ?"

"ಇಲ್ಲೆ ಗೋಪಣ್ಣ. ಅಂಗಡಿ ಹಳ್ಳದ ಆಚೆ ಇದ್ದು. ನಿಮ್ಮ ರಾಷ್ಟ್ರೀಯ ಸೇತುವೆ ಆದ್ಮೇಲೆ ಆನೇ ಹೋಗಿ ತಂದು ಕೊಡ್ತಿ."

ಇವರು ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ. ಬೇರೆ ಮನೆಗಳಲ್ಲೂ ಸುಣ್ಣದ ಡಬ್ಬಿ ಬರಿದಾಗಿತ್ತೋ, ಹೆಂಗಸರು ಬರಿದು ಮಾಡಿದ್ದರೋ, ನಾನು ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಇಡೀ ರಾಷ್ಟ್ರೀಯ ನಿಧಿಯೇ ಹಳ್ಳಕ್ಕೆ ಇಳಿಯಿತು. ಮಧ್ಯಾಹ್ನದೊಳಗೆ ಸಂಕ ಹಾಕಿಯಾಯಿತು. ಖಜಾಂಚಿ ಎಲ್ಲರಿಗಿಂತ ಮೊದಲು ದಾಟಿ, ಅಂಗಡಿಗೆ ಹೋಗಿ, ಕೆಂಪು ಬಾಯಿ ಮಾಡಿಕೊಂಡು ಬಂದ.

ಸಂಜೆ ನಾನು ಸೆರಗು ಸಿಕ್ಕಿಸಿ, ಕ್ಯಾನು ಹಿಡಿದು, ಗೆದ್ದವಳ ಠೀವಿಯಲ್ಲಿ ಹೊರಟೆ. ನೋಡಲು ಕೇರಿಯೇ ನಿಂತಿತ್ತು. ನಡುಮಧ್ಯ ತಲುಪಿ ಪಕ್ಕಕ್ಕೆ ಕೈ ಚಾಚಿದಾಗಲೇ ಗೊತ್ತಾದದ್ದು, ತಂಬಾಕಿನ ಅವಸರದಲ್ಲಿ ಪದಾಧಿಕಾರಿಗಳು ಬಿದಿರಿನ ಗಳವನ್ನೇ ಕಟ್ಟಿರಲಿಲ್ಲ! ಕೆಳಗೆ ಕೆಂಪು ನೀರು, ಹಿಡಿಯಲು ಏನೂ ಇಲ್ಲ. ಹಾಗೇ ಕೂತುಬಿಟ್ಟೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕೊನೆಗೆ ಇವರೇ ಬಂದು ಕೈ ಹಿಡಿದು ಎಬ್ಬಿಸಿದರು.

"ಪಕ್ಕಾ ಸೇತುವೆ ಬೇಕು ಹೇಳಿ ಆನು ಸುಮ್ಮನೆ ಹೇಳಿದ್ನ?" ಎಂದರು ಕಿವಿಯ ಹತ್ತಿರ.

ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಹಾಲು ಹಾಕಿ ಬಂದೆ, ಗಳ ಕಟ್ಟುವವರೆಗೆ ಚಾ ಇಲ್ಲವೆಂದು ಅಲ್ಲೇ ಸಾರಿದೆ. ಆದರೆ ಹಾಲಿನ ದುಡ್ಡು ಬಂದ ದಿನ, ಇವರು ವಾರ್ತೆ ನೋಡುತ್ತ ಕೂತಿದ್ದಾಗ, ಮೆಲ್ಲಗೆ ಗೋಪಣ್ಣನ ಮನೆಗೆ ಹೋಗಿ ಆ ಬಿಸ್ಕೀಟಿನ ಡಬ್ಬಿಗೆ ಒಂದಿಷ್ಟು ಹಾಕಿ ಬಂದೆ. ರಾಷ್ಟ್ರೀಯ ನಿಧಿಗೆ ಈವರೆಗೆ ಬಂದ ವಂತಿಗೆ ಅದೊಂದೇ. ಯಾರು ಕೊಟ್ಟದ್ದೆಂದು ಅಧ್ಯಕ್ಷರು ಈಗಲೂ ಕೇರಿಯೆಲ್ಲ ವಿಚಾರಿಸುತ್ತಿದ್ದಾರೆ. ಆ ಪುಣ್ಯಾತ್ಮನಿಗೊಂದು ಸನ್ಮಾನ ಮಾಡಬೇಕಂತೆ; ಶಾಲು ತರಲು ನನ್ನ ಹತ್ತಿರವೇ ದುಡ್ಡು ಕೇಳಿದರು. ಕೊಡುವುದಿಲ್ಲ ಎಂದೆ.