ಪಾಳುಮನೆಯಲ್ಲಿ ಸಿಕ್ಕ ಮುದ್ದೆಕೋಲು

ಮೊದಲೇ ಹೇಳಿಬಿಡುತ್ತೇನೆ, ಸ್ಫೂರ್ತಿ ಎಂಬ ಮಾತು ಕಿವಿಗೆ ಬಿದ್ದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಕಲಾವಿದರಿಗೆ ಅದು ಚಂದ್ರನಿಂದ ಬರುತ್ತದೆ, ಮೋಡದಿಂದ ಬರುತ್ತದೆ ಎಂದು ನಂಬಿದ್ದ ಕಾಲ ನನಗೂ ಇತ್ತು. ಆಗಿನ್ನೂ ಮದುವೆಯಾಗಿರಲಿಲ್ಲ. ಹೊಳೆನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಕಟ್ಟಿಕೊಂಡು ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ಗೊತ್ತಾಗಿದ್ದೇನೆಂದರೆ, ಅದು ಹೆಂಡತಿಯ ಅಡುಗೆಮನೆಯಿಂದ ಹೇಳದೆ ಕೇಳದೆ ಎದ್ದು ಹೋಗುತ್ತದೆ.

ಹೋದದ್ದು ನಮ್ಮ ಮುದ್ದೆಕೋಲು. ಅತ್ತೆಗೆ ಅವರ ಅತ್ತೆ ಕೊಟ್ಟದ್ದು, ಹಿಡಿದು ಹಿಡಿದು ನುಣ್ಣಗಾದದ್ದು. ಎಂಟು ದಿನ ಹುಡುಕಿದೆ. ಮಂಚದ ಕೆಳಗೆ, ಅಟ್ಟದ ಮೇಲೆ, ಕೊನೆಗೆ ಪಕ್ಕದ ಮನೆಯವರ ಮೇಲೂ ಅನುಮಾನಪಟ್ಟು ಪಾಪ ಕಟ್ಟಿಕೊಂಡೆ. ಸೌಟಿನ ಹಿಡಿಯಲ್ಲಿ ಹಿಟ್ಟು ತೊಳಸಿದರೆ ಗಂಟಾಗದೆ ಇನ್ನೇನಾಗುತ್ತದೆ? ಅಂಚೆ ಕಚೇರಿಯ ಕೌಂಟರಿನಲ್ಲಿ ಯಾರು ಏನಂದರೂ ಸಹಿಸಿಕೊಳ್ಳುವ ನಾನು, ನನ್ನ ಮುದ್ದೆಯಲ್ಲಿ ಹುಳುಕು ಹುಡುಕಿದರೆ ಮಾತ್ರ ಸಹಿಸಲಾರೆ. ನನಗಿರುವುದು ಅದೊಂದೇ ಜಂಬ. ಅತ್ತೆ ಬಿಡುತ್ತಾರೆಯೇ? "ಏನವ್ವಾ ಇದು, ಇಟ್ಟೋ ಪುರಿ ಉಂಡೆಯೋ? ನಮ್ಮತ್ತೆ ಕಾಲದ ಕೋಲು ಕಣವ್ವಾ, ಕಳ್ದಾಕ್ಬುಟ್ಯಲ್ಲ!" ಎಂದು ಎಂಟು ದಿನವೂ ಚುಚ್ಚಿದರು. ನನ್ನ ಗಂಡ ಮಾತ್ರ ತುಟಿ ಎರಡು ಮಾಡದೆ ಗಂಟುಗಳನ್ನು ನುಂಗುತ್ತಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು ಮಣ್ಣು ಹಾಕಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಉಂಡವನೇ ಇರಬೇಕು, ಬಡಿಸಿದವನಂತೂ ಅಲ್ಲ.

ಒಂಬತ್ತನೆಯ ದಿನ ಹಾಸನದಲ್ಲಿ ಇವರ ಗುಂಪಿನ ಕಲಾಪ್ರದರ್ಶನ. ಕಲಾವಿದರು ತಮ್ಮ ಹೊಸ ಕೃತಿಗಳಿಗೆ ಸಿಕ್ಕ ಸ್ಫೂರ್ತಿಯನ್ನು ಹಂಚಿಕೊಳ್ಳುತ್ತಾರೆ ಎಂದು ಆಹ್ವಾನಪತ್ರಿಕೆಯಲ್ಲಿತ್ತು. ಅರ್ಧ ದಿನ ರಜೆ ಹಾಕಿ, ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಅರಕಲಗೂಡಿನ ಹೆಂಗಸೊಬ್ಬರು ತಮ್ಮೂರ ಕೆರೆಯ ಬಗ್ಗೆ ಎರಡೇ ಮಾತಾಡಿ ಕೂತರು. ಚನ್ನರಾಯಪಟ್ಟಣದವರೊಬ್ಬರು ಶ್ರವಣಬೆಳಗೊಳದ ಬೆಟ್ಟದ ಮೌನವೇ ತಮ್ಮ ಸ್ಫೂರ್ತಿ ಎಂದು ಶುರುಮಾಡಿ, ಆ ಮೌನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನಮ್ಮವರು ಎದ್ದು, ತಮ್ಮ ಕೃತಿಯ ಮುಂದಿನ ಪರದೆ ಸರಿಸಿದರು. ಕಪ್ಪು ಬಟ್ಟೆ ಹೊದಿಸಿದ ಹಲಗೆ. ಅದರ ಮೇಲೆ ತಂತಿಯಲ್ಲಿ ಬಿಗಿದು ಕಟ್ಟಿದ ನನ್ನ ಮುದ್ದೆಕೋಲು! ಕೆಳಗೆ ಚೀಟಿ: 'ಅವಳ ದಿನಚರಿ'.

"ಹಳ್ಳಿಯ ಹೆಣ್ಣಿನ ಬವಣೆಯನ್ನು ನಾನು ತೀರಾ ಹತ್ತಿರದಿಂದ ಕಂಡವನು" ಎಂದರು. ಕಂಡದ್ದು ಸುಳ್ಳಲ್ಲ. ಅವರು ತಟ್ಟೆ ಹಾಕಿಕೊಂಡು ಕೂರುವ ಜಾಗಕ್ಕೂ ಒಲೆಗೂ ಮೂರೇ ಅಡಿ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಸಾ, ಈ ಕೋಲು ಎಲ್ಲಿ ಸಿಕ್ತು ನಿಮ್ಗೆ?" ಎಂದು ಕೇಳಿದರು. ನಮ್ಮವರು ಒಂದು ಗಳಿಗೆ ಕಣ್ಣು ಮುಚ್ಚಿ, "ಪಾಳುಬಿದ್ದ ಮನೆಯೊಂದರಲ್ಲಿ" ಎಂದರು.

ದಿನಾ ಗುಡಿಸಿ, ಸಾರಿಸಿ, ರಂಗೋಲಿ ಇಡುವ ಮನೆ ನನ್ನದು. ಕೋಪ ನೆತ್ತಿಗೇರಿತು. ಎದ್ದು ಹೋಗಿ ತಂತಿ ಬಿಚ್ಚತೊಡಗಿದೆ. "ಆ ಪಾಳುಮನೇಲಿ ಇನ್ನೂ ಜನ ಇದೀವಿ ಸಾರ್. ಸಾಯಂಕಾಲ ಹಿಟ್ಟು ಮಾಡ್ಬೇಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೋಲು ಹಿಡಿದುಕೊಂಡು ಹೊರಟೆ. ಬಸ್ ಸ್ಟ್ಯಾಂಡಿನವರೆಗೂ ಅವರು ಹಿಂದೆಯೇ ಓಡಿಬಂದರು.

"ಅದು ಬರೀ ಕೋಲಲ್ಲ ಕಣೇ, ರೂಪಕ."

"ರೂಪಕದಲ್ಲಿ ಹಿಟ್ಟು ತೊಳಸಕ್ಕಾಗುತ್ತೇನ್ರೀ? ಇವತ್ತು ನೀವೇ ತೊಳಸಿ, ನೋಡೋಣ."

ಮನೆಗೆ ಬಂದು ಕೋಲನ್ನು ಅವರ ಕೈಗೇ ಕೊಟ್ಟೆ. ಅತ್ತೆ ಮಗನ ಪರ ನಿಲ್ಲುತ್ತಾರೆಂದು ಹೆದರಿದ್ದೆ. ಎಲ್ಲ ಕೇಳಿದ ಅವರು, "ತೊಳಸ್ಲಿ ಬುಡವ್ವಾ, ಕದ್ದೋನ್ಗೂ ಗೊತ್ತಾಗ್ಲಿ ರಟ್ಟೆ ನೋವು" ಎಂದು ಗೋಡೆಗೊರಗಿ ಕೂತರು. ನಮ್ಮವರು ಅಂಗಿಯ ತೋಳು ಮಡಿಸಿ ಶುರುಮಾಡಿದರು. ಪಾತ್ರೆ ಒಂದು ಕಡೆ, ಕೋಲು ಒಂದು ಕಡೆ. ಹಣೆಯ ಬೆವರು ಮೂಗಿಗಿಳಿಯಿತು. ಏನಾದರಾಗಲಿ ಕೈಹಾಕುವುದಿಲ್ಲ ಎಂದು ನಾನು ಕೈಕಟ್ಟಿ ನಿಂತೆ. ತಳದಲ್ಲಿ ಒಣಹಿಟ್ಟು ಹಾಗೇ ಕೂತಿತ್ತು. ಒಂದು ಗಂಟು ಎದ್ದಿತು. ಎರಡಾಯಿತು. ನನ್ನ ಕೈ ತುರಿಸತೊಡಗಿತು. ಅತ್ತೆ ಕಣ್ಣಿನಲ್ಲೇ ಬೇಡವೆಂದರು. ಮೂರನೆಯ ಗಂಟು ಕಂಡದ್ದೇ, "ಬಿಡ್ರೀ ಈ ಕಡೆ, ಹಿಟ್ಟು ಕೆಡ್ತಿದೆ!" ಎಂದು ಕೋಲು ಕಿತ್ತುಕೊಂಡುಬಿಟ್ಟೆ.

ಮುದ್ದೆ ಒಂದೂ ಗಂಟಿಲ್ಲದೆ ಬಂತು. ಅತ್ತೆ ತುತ್ತು ಮುರಿದು ನುಂಗಿ, "ಇದು ಕಣವ್ವಾ ಇಟ್ಟು ಅಂದ್ರೆ" ಎಂದರು. ಇವರೂ ತಲೆದೂಗಿದರು. ಇವರಿಗೆ ಅನ್ನಬೇಕೆಂದು ಹಾಸನದಿಂದ ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಬಾಯಿ ತೆರೆದೆ. "ಇನ್ನೊಂದು ಮುದ್ದೆ ಹಾಕ್ಲಾ ರೀ?" ಎಂದು ಕೇಳಿದೆ.