ರೂಲೊಫನ ಗಿಡಗಳಿಗೆ ಯಾವ ಕೊರತೆಯೂ ಇಲ್ಲ

ಈ ವರ್ಷ ಮೆಪ್ಪೆಲ್ ಊರಿನ ಅಕ್ವೇರಿಯಂ ಸಂಘದ ಮೊದಲ ಬಹುಮಾನ ತನ್ನ ಮನೆಗೇ ಬರಬೇಕು, ಬಾರದಿದ್ದರೆ ತನ್ನ ಹೆಸರು ರೂಲೊಫ್ ಅಲ್ಲ! ಹೀಗೆಂದು ಅವನು ಪ್ರತಿಜ್ಞೆ ಮಾಡಿದ್ದು ಜನವರಿ ಒಂದನೇ ತಾರೀಖು, ಎಣ್ಣೆಯಲ್ಲಿ ಕರಿದ ಹಬ್ಬದ ಉಂಡೆಯನ್ನು ಬಾಯಿತುಂಬ ತುಂಬಿಕೊಂಡು.

"ನುಂಗಿಬಿಟ್ಟು ಮಾತಾಡು, ಗಂಟಲಿಗೆ ಸಿಕ್ಕೊಳತ್ತೆ" ಎಂದಳು ಹೆಂಡತಿ ವೀಟ್ಸ್ಕೆ.

ಹೋದ ವರ್ಷ ಎರಡೇ ಎರಡು ಅಂಕದಲ್ಲಿ ಬಹುಮಾನ ತಪ್ಪಿತ್ತು. ಸಂಘದ ತೀರ್ಪುಗಾರ ಪೋಸ್ತುಮಾ ಮನೆಗೇ ಬಂದು, ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಒಂದು ಗಂಟೆ ತುಟಿಪಿಟಕ್ಕೆನ್ನದೆ ಕೂತು, ಕೊನೆಗೆ ಬರೆದದ್ದು ಇಷ್ಟು: "ಬೀದಿಯ ಎಳೆ ಎಲೆಗಳು ಬಿಳಿಚಿವೆ. ಕಬ್ಬಿಣದ ಕೊರತೆ." ಬೀದಿಯೆಂದರೆ ತೊಟ್ಟಿಯ ಮುಂಭಾಗದಿಂದ ಹಿಂದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರುವ ಲೊಬೀಲಿಯಾ ಗಿಡಗಳ ಸಾಲು. ಆ ಬೀದಿ ಬಿಳಿಚಿತೆಂದರೆ ಸಂಘದ ಗಂಡಸು ಊರಿನ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ!

ಆದ್ದರಿಂದ ಈ ಸಲ ಅಂದಾಜಿನ ವ್ಯವಹಾರ ಬಂದ್. ಎಳೆ ಎಲೆ ಬಿಳಿಚಿದರೆ ಕಬ್ಬಿಣ, ಹಳೆ ಎಲೆ ಹಳದಿಯಾದರೆ ನೈಟ್ರೇಟ್, ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಸಿಯಂ. ಕಬ್ಬಿಣ ಹಾಕಿದ ದಿನ ಫಾಸ್ಫೇಟ್ ಹಾಕುವಂತಿಲ್ಲ. ಎರಡೂ ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತವೆ, ಗಿಡಕ್ಕೆ ಉಪವಾಸ. ಇಷ್ಟೆಲ್ಲ ನೆನಪಿಡಲು ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಬೇಕು. ಅಂಥ ಜಾಗ ಅಲ್ಲಿನ ಎಲ್ಲ ಮನೆಗಳಲ್ಲೂ ಒಂದೇ, ಕಕ್ಕಸಿನ ಗೋಡೆ. ನೆಂಟರಿಷ್ಟರ ಹುಟ್ಟುಹಬ್ಬಗಳನ್ನು ಬರೆದಿಟ್ಟ ಕ್ಯಾಲೆಂಡರ್ ಅಲ್ಲೇ ತೂಗುತ್ತಿರುತ್ತದೆ. ರೂಲೊಫ್ ಅದರ ಮೇಲೆ ತಾರೀಖಿಗೊಂದರಂತೆ ಹಳದಿ ಚೀಟಿ ಅಂಟಿಸಿದ. ಅತ್ತೆ, ನಾದಿನಿ, ನೆರೆಹೊರೆ ಎಲ್ಲರೂ ಚೀಟಿಗಳ ಅಡಿಯಲ್ಲಿ ಮುಚ್ಚಿಹೋದರು. ಮಾರ್ಚ್ ಹದಿನಾಲ್ಕರ ಚೀಟಿಯ ಮೇಲೆ "ಪೋಸ್ತುಮಾ ಬರುವ ದಿನ!" ಎಂದಿತ್ತು. ಅದರ ಅಡಿಯಲ್ಲಿದ್ದವಳು ವೀಟ್ಸ್ಕೆ. ಅವಳಿಗೆ ಅಂದು ಐವತ್ತು ತುಂಬುವುದಿತ್ತು.

"ಅಲ್ಲ ರೂಲೊಫ್, ನಮ್ಮಮ್ಮನ ಎಂಬತ್ತನೇ ಹುಟ್ಟುಹಬ್ಬದ ಮೇಲೆ ನೈಟ್ರೇಟ್ ಅಂಟಿಸಿದೀಯಲ್ಲೋ!"

"ನಿಮ್ಮಮ್ಮನಿಗೆ ನೀನಿದೀಯ. ಲೊಬೀಲಿಯಾಗೆ ನಾನೊಬ್ಬನೇ!"

"ಫೆಬ್ರವರಿ ಇಪ್ಪತ್ತೊಂದು. ಇಡೀ ಬಳಗ ಸೇರತ್ತೆ. ನೀನು ಬರ್ಲೇಬೇಕು."

"ಬರ್ತೀನಿ ಮಾರಾಯ್ತಿ!"

ಹೋಗಲಿಲ್ಲ. ಅಂದು ಬೆಳಿಗ್ಗೆಯೇ ಒಂದು ಎಲೆಯಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತ್ತು! ವೀಟ್ಸ್ಕೆ ಒಬ್ಬಳೇ ರೈಲು ಹತ್ತಿ ಹೋಗಿ, ಎಂಟು ಜನರಿಗೆ ಎಂಟು ಸುಳ್ಳು ಹೇಳಿ, ಸಂಜೆ ಮನೆಗೆ ಬಂದಳು. ಗಂಡ ಭೂತಗನ್ನಡಿ ಹಿಡಿದು ಗಾಜಿಗೆ ಮೂಗು ಒತ್ತಿಕೊಂಡಿದ್ದ. "ಪೊಟ್ಯಾಸಿಯಂ!" ಎಂದ, ತಿರುಗಿ ನೋಡದೆ. ಅವಳು ಕೋಟು ತೆಗೆದು ಗೂಟಕ್ಕೆ ಹಾಕಿದಳು.

ಮಾರ್ಚ್ ಹದಿನಾಲ್ಕರ ಚೀಟಿಯನ್ನು ಎತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವನು ಆ ಒಂದು ದಿನವಾದರೂ ತಾನಾಗಿ ತನ್ನ ಕಡೆ ತಿರುಗುತ್ತಾನೋ ಇಲ್ಲವೋ, ಅವಳಿಗೆ ಅಷ್ಟು ಗೊತ್ತಾದರೆ ಸಾಕಿತ್ತು.

ಆ ದಿನ ಬಂತು. ಬೆಳಿಗ್ಗೆ ರೂಲೊಫ್ ಬಾಗಿಲು ತೆಗೆದರೆ ಅಂಗಳದಲ್ಲಿ ಆಳೆತ್ತರದ ಮುದುಕಿ ಗೊಂಬೆ! ಐವತ್ತು ಮುಟ್ಟಿದ ಹೆಂಗಸಿನ ಮನೆಮುಂದೆ ಗೆಳತಿಯರು ಇಂಥ ಗೊಂಬೆ ಕೂರಿಸುವುದು ಅಲ್ಲಿನ ರೂಢಿ, ಎಳೆ ಮಕ್ಕಳಿಗೂ ಗೊತ್ತು. ರೂಲೊಫನಿಗೂ ಗೊತ್ತಿತ್ತು. "ಪಾಪ, ಪಕ್ಕದ ಮನೆ ಹಿಲ್ಲಿಗೆ ಐವತ್ತಾಯ್ತು ಅಂತ ಕಾಣತ್ತೆ. ತಪ್ಪಿ ಇಲ್ಲಿಟ್ಟಿದಾರೆ" ಎಂದುಕೊಂಡು, ಪುಣ್ಯದ ಕೆಲಸವೆಂಬಂತೆ ಅದನ್ನು ಹೊತ್ತೊಯ್ದು ಹಿಲ್ಲಿಯ ಹೊಸ್ತಿಲಲ್ಲಿ ಕೂರಿಸಿ ಬಂದ.

ಹತ್ತು ಗಂಟೆಗೆ ಪೋಸ್ತುಮಾ ಬಂದು ತೊಟ್ಟಿಯ ಮುಂದೆ ಆಸೀನನಾದ. ಹತ್ತೂಕಾಲಿಗೆ ಅತ್ತೆ ಬಂದರು, ಹಿಂದೆಯೇ ನಾದಿನಿ, ಅವಳ ಗಂಡ, ಇನ್ನೂ ಐದು ಜನ. ಎಲ್ಲರೂ ರೂಲೊಫನ ಕೈಕುಲುಕಿ "ಅಭಿನಂದನೆ! ಅಭಿನಂದನೆ!" ಎಂದರು. ಒಬ್ಬರ ಹುಟ್ಟುಹಬ್ಬಕ್ಕೆ ಮನೆಮಂದಿಗೆಲ್ಲ ಅಭಿನಂದನೆ ಹೇಳುವ ಜನ ಅವರು, ಪೋಸ್ತುಮಾನನ್ನೂ ಬಿಡಲಿಲ್ಲ. ರೂಲೊಫನ ಎದೆ ಉಬ್ಬಿತು. ಫಲಿತಾಂಶ ಹೊರಬಿದ್ದಿದೆ! ಊರಿಗೆಲ್ಲ ಗೊತ್ತಾಗಿದೆ! ಎಲ್ಲರೂ ದುಂಡಗೆ ಕುರ್ಚಿ ಹಾಕಿ ಕೂತ ಮೇಲೆ ಅವನು ಎದ್ದು ನಿಂತ.

"ಇದು ಒಂದೆರಡು ದಿನದ ಶ್ರಮ ಅಲ್ಲ. ದಿನಾ ಬೆಳಿಗ್ಗೆ ಎದ್ದು ಮೊದಲು ನೋಡೋದೇ ಆ ಮುಖ. ಬಾಡಿದ್ಯಾ? ಏನು ಕಡಿಮೆಯಾಗಿದೆ? ಬಾಯಿಬಿಟ್ಟು ಕೇಳೋ ಜೀವ ಅಲ್ಲ ಅದು. ನಾವೇ ಅರ್ಥ ಮಾಡ್ಕೋಬೇಕು."

ಅತ್ತೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ವೀಟ್ಸ್ಕೆ ಸೇಬಿನ ಕೇಕಿಗೆ ಇಟ್ಟ ಚಾಕುವನ್ನು ಹಾಗೇ ಹಿಡಿದು ನಿಂತಳು. ಅವಳ ಮುಖದಲ್ಲಿ ಆಸೆಯೊಂದು ಮೂಡಿದ್ದು ಎಲ್ಲರಿಗೂ ಕಂಡಿತು, ಅವನಿಗೊಬ್ಬನಿಗೆ ಬಿಟ್ಟು.

"ಹಳದಿಯಾಗಕ್ಕೆ ಬಿಡ್ಲಿಲ್ಲ ನಾನು! ತೂತು ಬೀಳಕ್ಕೆ ಬಿಡ್ಲಿಲ್ಲ! ಪಾಚಿ ಹತ್ತಕ್ಕಂತೂ ಬಿಡ್ಲೇ ಇಲ್ಲ!"

ಅತ್ತೆಯ ಕರವಸ್ತ್ರ ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಗೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಲ್ಲಿ!

"ಏನ್ರೀ ರೂಲೊಫ್! ನನಗೆ ನಲವತ್ಮೂರು! ನನ್ನ ಹೊಸ್ತಿಲಲ್ಲಿ ಈ ಮುದುಕೀನ ಕೂರಿಸ್ತೀರಾ? ನಿಮ್ಮ ಹೆಂಡ್ತಿ ಐವತ್ತಕ್ಕೆ ಅಂತ ವಾರವಿಡೀ ಕೂತು ನಾನೇ ಹೊಲಿದಿದ್ದು ಕಣ್ರೀ ಇದು!"

ಅದೇ ಹೊತ್ತಿಗೆ ಪೋಸ್ತುಮಾ ಲೇಖನಿಯ ಮುಚ್ಚಳ ಹಾಕಿ, ಬಂದಾಗಿನಿಂದ ಬಿಚ್ಚದ ಬಾಯಿ ಬಿಚ್ಚಿದ: "ಗಿಡಗಳಲ್ಲಿ ಯಾವ ಕೊರತೆಯೂ ಇಲ್ಲ. ಪೂರ್ತಿ ಅಂಕ."

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ವೀಟ್ಸ್ಕೆ, ನಾನು... ಆ ಚೀಟಿ ಅಡ್ಡ ಇತ್ತು..." ಎಂದು ರೂಲೊಫ್ ತೊದಲಿದ.

ಅವಳು ಚಾಕು ಕೆಳಗಿಟ್ಟಳು. "ಎಲೇಲಿ ಕಬ್ಬಿಣ ಕಡಿಮೆಯಾದ್ರೆ ನಿನಗೆ ಎಷ್ಟು ದಿನಕ್ಕೆ ಗೊತ್ತಾಗತ್ತೆ?"

"ಮೂರು... ಮೂರು ದಿನಕ್ಕೆ."

"ಅಮ್ಮನ ಹುಟ್ಟುಹಬ್ಬ ಮುಗಿಸಿ ಬಂದಾಗಿಂದ ನಾನು ನಿನ್ನ ಹತ್ರ ಒಂದೇ ಒಂದು ಮಾತಾಡಿಲ್ಲ. ಮೂರು ವಾರ ಆಯ್ತು. ಅದು ಗೊತ್ತಾಯ್ತಾ?"

ರೂಲೊಫ್ ಮೂರು ವಾರವನ್ನೂ ತಡಕಾಡಿದ. ಕೊನೆಗೆ ಮುಖ ಅರಳಿತು.

"ಸುಳ್ಳು! ಮೊನ್ನೆ ಬೆಳಿಗ್ಗೆ ಅಡುಗೆಮನೆಯಿಂದ ನೀನೇ ಅಲ್ವಾ ಹೇಳಿದ್ದು? 'ಮಧ್ಯಾಹ್ನ ಮಳೆ ಬರುತ್ತೆ, ಕೊಡೆ ಮರೀಬೇಡಿ' ಅಂತ? 'ಆಯ್ತು ಚಿನ್ನ' ಅಂತ ನಾನೂ ಅಂದೆ!"

"ಅದು ರೇಡಿಯೊ" ಎಂದಳು ವೀಟ್ಸ್ಕೆ.